ಮಣ್ಣ ಊರಾಗ

ನಮ್ಮ ಕಡೆ ಯಾರಾದರೂ ತೀರಿಕೊಂಡ ಸುದ್ದಿ ಹೇಳಿದರೆ, ಕೇಳಿದವರು ಆಡುವ ಮೊದಲ ಮಾತು, "ಮಣ್ಣ ಎಲ್ಲಿ?" ಏನಾಗಿತ್ತು, ಯಾವಾಗಿನಿಂದ ಆರಾಮ ಇರಲಿಲ್ಲ, ಯಾವ ದವಾಖಾನೆ, ಇವೆಲ್ಲ ಅದರ ನಂತರ. ಮಣ್ಣು ಎಂದರೆ ಹೂಳುವುದು. ಎಲ್ಲಿ ಎಂದು ತಿಳಿದರೆ ಯಾವ ಬಸ್ಸು ಹತ್ತಬೇಕು, ಹೊಲಕ್ಕೆ ಹೋದವರನ್ನು ಕರೆಸಬೇಕೋ ಬೇಡವೋ, ದನಗಳಿಗೆ ಮೇವು ಯಾರು ಹಾಕಬೇಕು ಎಂಬುದೆಲ್ಲ ತಾನಾಗಿಯೇ ಗೊತ್ತಾಗುತ್ತದೆ. ಬಹಳ ಜನರ ವಿಷಯದಲ್ಲಿ ಈ ಪ್ರಶ್ನೆಗೆ ಉತ್ತರ ಅವರು ಬದುಕಿರುವಾಗಲೇ ತಯಾರಾಗಿರುತ್ತದೆ. ನಮ್ಮ ಅಕ್ಕನ ವಿಷಯದಲ್ಲಿ ಹಾಗಿರಲಿಲ್ಲ.

ನಾವು ಹುಟ್ಟಿದ್ದು ಹೊಂಬಳದಲ್ಲಿ. ಅಕ್ಕ ಹಿರಿಯಳು, ನಡುವೆ ಅಣ್ಣ, ನಾನು ಕಿರಿಯಳು. ನನ್ನ ತಲೆ ಬಾಚಿ ಹೆಳಲು ಹಾಕುತ್ತಿದ್ದವಳು ಅವ್ವನಲ್ಲ, ಅಕ್ಕ. ಅವಳನ್ನು ಬೆಳ್ಳಟ್ಟಿಗೆ ಕೊಟ್ಟಾಗ ನಾನು ಇನ್ನೂ ಶಾಲೆಗೆ ಹೋಗುತ್ತಿದ್ದೆ. ಕೆಲವು ವರ್ಷ ಕಳೆದರೂ ಮಕ್ಕಳಾಗಲಿಲ್ಲ. ಒಂದು ದಿನ ಬೆಳಿಗ್ಗೆ ಅತ್ತೆ ಅವಳ ಕೈಯಲ್ಲಿ ಬುತ್ತಿ ಗಂಟು, ಮಜ್ಜಿಗೆಯ ಕೊಡ ಕೊಟ್ಟು, ಹೊಲದಲ್ಲಿ ಕಳೆ ತೆಗೆಯುವ ಆಳುಗಳಿಗೆ ಒಯ್ಯಲು ಹೇಳಿದರಂತೆ. ಹೊಲದಲ್ಲಿ ಆಳುಗಳು ಯಾರೂ ಇರಲಿಲ್ಲ. ತಡವಾಗಿ ಬರುತ್ತಾರೇನೋ ಎಂದು ಅವಳು ಬಾವಿಯ ಹತ್ತಿರದ ಬನ್ನಿ ಗಿಡದ ಕೆಳಗೆ ಕಾಯುತ್ತ ಕುಳಿತಳು. ಹೊತ್ತು ಇಳಿಯುವವರೆಗೂ ಕುಳಿತಳು. ತಿರುಗಿ ಮನೆಗೆ ಬಂದರೆ ಬಾಗಿಲಿಗೆ ತೋರಣ, ಒಳಗೆ ಬಾಸಿಂಗ ಬಿಚ್ಚದ ಹೊಸ ಮದುಮಗಳು. ಗಂಡನಿಗೆ ಇನ್ನೊಂದು ಮದುವೆ ಮಾಡಿ ಮುಗಿಸಿದ್ದರು.

ಅಕ್ಕ ಜಗಳವಾಡಲಿಲ್ಲ. ಮಜ್ಜಿಗೆಯ ಕೊಡವನ್ನು ಕಟ್ಟೆಯ ಮೇಲಿಟ್ಟು ತವರಿಗೆಂದು ಶಿರಹಟ್ಟಿಯ ದಾರಿ ಹಿಡಿದಳು. ಅದಾದ ಮೇಲೆ ಬೆಳ್ಳಟ್ಟಿಗೆ ಒಮ್ಮೆಯೂ ಹೋಗಲಿಲ್ಲ. ಅಪ್ಪ ಅವ್ವ ಇರುವವರೆಗೆ ಹೊಂಬಳದಲ್ಲಿದ್ದಳು. ಅವರು ಹೋದ ಮೇಲೆ ಅಣ್ಣ-ವೈನಿಯ ಸಂಸಾರಕ್ಕೆ ಭಾರವಾಗಬಾರದೆಂದು, ನನ್ನನ್ನು ಕೊಟ್ಟ ಬೆಟಗೇರಿಯ ನಮ್ಮ ಮನೆಗೆ ಬಂದಳು. ನಮ್ಮ ಮನೆಯವರಿಗೆ ಹತ್ತಿ ಮಿಲ್ಲಿನಲ್ಲಿ ಕೆಲಸ. ನಾವು ಅಕ್ಕತಂಗಿ ಹಿಂದಿನ ಪಡಸಾಲೆಯಲ್ಲಿ ಒಲೆ ಹೂಡಿ, ಖಾನಾವಳಿಗಳಿಗೆ ಜೋಳದ ರೊಟ್ಟಿ ಮಾಡಿ ಕೊಡುತ್ತ ಬಂದೆವು. ಅವಳು ತಟ್ಟುವುದು, ನಾನು ಬೇಯಿಸುವುದು. ನನ್ನ ಭುಜ ನೋಯತೊಡಗಿದ ಮೇಲೆ ಎರಡೂ ಅವಳದೇ ಆಯಿತು.

ದಿನದ ಮೊದಲ ರೊಟ್ಟಿ ಯಾವಾಗಲೂ ಕೆಡುತ್ತದೆ. ಹಂಚು ಹದಕ್ಕೆ ಬಂದಿರುವುದಿಲ್ಲ, ಒಂದು ಕಡೆ ಹಸಿ, ಇನ್ನೊಂದು ಕಡೆ ಕಪ್ಪು. ಅದನ್ನು ಖಾನಾವಳಿಗೆ ಕಳಿಸುವಂತಿಲ್ಲ. ಅಕ್ಕ ಅದರ ಮೇಲೆ ಅಗಸಿ ಹಿಂಡಿ, ಅಂದರೆ ಅಗಸೆ ಬೀಜದ ಚಟ್ನಿಪುಡಿ, ಉದುರಿಸಿ, ಹಸಿ ಎಣ್ಣೆ ಬಿಟ್ಟುಕೊಂಡು, ನಿಂತೇ ತಿನ್ನುತ್ತಿದ್ದಳು. ಹಿಟ್ಟು ಹಾಳಾಗಬಾರದೆಂದು ತಿನ್ನುತ್ತಾಳೆ ಅಂದುಕೊಂಡಿದ್ದೆ. ಒಂದು ದಿನ ಮೊದಲನೆಯದೇ ಚಲೋ ಉಬ್ಬಿ ಬಂತು. ಆಗ ಅವಳು ಇನ್ನೊಂದನ್ನು ಬೇಕೆಂತಲೇ ಹಂಚಿನ ಮೇಲೆ ಬಿಟ್ಟು ಕಪ್ಪು ಮಾಡಿಕೊಂಡಳು. ಅವಳಿಗೆ ಸುಟ್ಟ ರುಚಿಯೇ ಸೇರುತ್ತಿತ್ತು.

ಹೀಗೆ ರೊಟ್ಟಿ ಮಾಡುತ್ತಿರುವಾಗಲೇ, ತೀರಿಕೊಳ್ಳುವ ಹಿಂದಿನ ಬೇಸಿಗೆಯಲ್ಲಿ, ಆ ಮಾತು ತೆಗೆದಳು.

"ಏ, ನಾ ಸತ್ರ ನನ್ನ ಬೆಳ್ಳಟ್ಟಿಗೆ ಒಯ್ಯಬ್ಯಾಡ್ರಿ."

"ಈಗ್ಯಾಕ ಬೇ ಆ ಮಾತು? ಹಂಚ ಕಾದೈತಿ, ರೊಟ್ಟಿ ಹಾಕು."

"ಹಂಚ ದಿನಾ ಕಾಯತೈತಿ. ಇಲ್ಲೆ ಕೇಳು. ಆವತ್ತ ನನ್ನ ಹೊಲಕ್ಕ ಕಳಿಸಿದ್ರು. ಮತ್ತ ಆ ಹೊಲಕ್ಕ ಕಳಸಬ್ಯಾಡ್ರಿ."

"ಸತ್ತಮ್ಯಾಲೆ ಎಲ್ಲಾ ಮಣ್ಣೂ ಒಂದ."

"ಒಂದ ಆಗಿದ್ರ ಗಂಗಾವತ್ಯಾಗ ಭತ್ತ, ನಮ್ಮಲ್ಲೆ ಜ್ವಾಳ ಯಾಕ ಬೆಳೀತಾರ?"

ನನಗೆ ನಗು ಬಂತು. "ಆವಾಗ ನಿನಗೇನ ಗೊತ್ತಾಕ್ಕೈತಿ, ಹೇಳು" ಎಂದೆ.

ಅವಳು ಕೈಯಲ್ಲಿದ್ದ ರೊಟ್ಟಿಯನ್ನು ಹಂಚಿಗೆ ಹಾಕಿ, ಮೇಲೆ ನೀರು ಸವರಿದಳು. "ನನಗ ಗೊತ್ತಾಗೂದಿಲ್ಲ. ನಿನಗ ಗೊತ್ತಿರತೈತಲ್ಲ."

ಈ ಮಾತನ್ನು ನಾನು ಅಣ್ಣನಿಗೂ ತಿಳಿಸಿದ್ದೆ. ಅವನು ಹೂಂ ಅಂದಿದ್ದ.

ಮಳೆಗಾಲದಲ್ಲಿ ಅವಳಿಗೆ ಹೊಟ್ಟೆಯ ನೋವು ಹೆಚ್ಚಾಯಿತು. ಗದಗಿನ ದವಾಖಾನೆಗೆ ಸೇರಿಸಿದೆವು. ಒಂದು ವಾರ ಸರಿಯಾಗಿ ತುಂಬುವ ಮೊದಲೇ, ಬೆಳಕು ಹರಿಯುವ ಹೊತ್ತಿಗೆ, ಹೋದಳು. ನಾನು ಚಹಾ ತರಲು ಕೆಳಗೆ ಇಳಿದಿದ್ದೆ. ತಿರುಗಿ ಬರುವಷ್ಟರಲ್ಲಿ ಸಿಸ್ಟರ್ ಅವಳ ಮುಖದ ಮೇಲೆ ಹೊದಿಕೆ ಎಳೆದಿದ್ದಳು. ಆ ಚಹಾವನ್ನು ಎಲ್ಲಿ ಇಟ್ಟೆನೋ ಇವತ್ತಿಗೂ ನೆನಪಾಗುವುದಿಲ್ಲ.

ಅಂಬ್ಯುಲೆನ್ಸಿನಲ್ಲಿ ಕುಳಿತೇ ಅಣ್ಣನಿಗೆ ಫೋನು ಮಾಡಿದೆ. ಅವನು ಅತ್ತ. ಅವನನ್ನು ಎತ್ತಿ ಆಡಿಸಿದವಳೂ ಅವಳೇ. ಇಬ್ಬರೂ ಸ್ವಲ್ಪ ಅತ್ತ ಮೇಲೆ ಕೇಳಿದೆ, "ಅಣ್ಣಾ, ಮಣ್ಣ ಎಲ್ಲಿ ಮಾಡೂಣು?"

"ಎಲ್ಲಿ ಅಂತ ಏನ ಕೇಳ್ತಿ, ಊರಾಗ. ನೀ ಸುಮ್ನ ಆಕಿ ಹತ್ರ ಕುಂಡ್ರು. ಎಲ್ಲಾರಿಗೂ ಖಬರ ನಾ ಕೊಡ್ತೀನಿ. ಸೀರಿ ತಗೊಂಡ ಬರ್ತೀನಿ."

ಎದೆಯ ಮೇಲಿನ ಕಲ್ಲು ಇಳಿದಂತಾಯಿತು. ಅಣ್ಣ ಇಷ್ಟು ಹಗುರವಾಗಿ ಒಪ್ಪುತ್ತಾನೆಂದು ನಾನು ಅಂದುಕೊಂಡಿರಲಿಲ್ಲ. ಕೊಟ್ಟ ಹೆಣ್ಣುಮಗಳ ಮಣ್ಣು ತವರಿನ ಹೊಲದಲ್ಲಿ ಮಾಡುವುದು ನಮ್ಮಲ್ಲಿ ರೂಢಿಯಲ್ಲ. ಆದರೂ ಅವನು ಊರಾಗ ಎಂದ. ಅಪ್ಪ ಅವ್ವ ಇಬ್ಬರನ್ನೂ ಇಟ್ಟ ಹೊಂಬಳದ ಹೊಲದ ಬದು ಕಣ್ಣ ಮುಂದೆ ಬಂತು. ಊರು ಅಂದರೆ ನನಗೆ ಹೊಂಬಳವೇ. ಮದುವೆಯಾಗಿ ಇಷ್ಟು ವರ್ಷವಾದರೂ, ನಾಳೆ ಊರಿಗೆ ಹೋಗಿ ಬರುತ್ತೇನೆ ಎಂದರೆ ನಮ್ಮ ಮನೆಯವರು ಯಾವ ಊರು ಎಂದು ಕೇಳುವುದಿಲ್ಲ.

ಮನೆಗೆ ತಂದ ಮೇಲೆ ಅಕ್ಕನನ್ನು ಪಡಸಾಲೆಯ ಗೋಡೆಗೆ ಆನಿಸಿ ಕೂರಿಸಿದೆವು. ನಮ್ಮಲ್ಲಿ ಮಲಗಿಸುವುದಿಲ್ಲ, ಕೂರಿಸಿಯೇ ಕಳಿಸುವುದು. ಪಕ್ಕದ ಮಗ್ಗದ ಮನೆಯ ಅಜ್ಜಿ ಬಂದು ಹಣೆಗೆ ವಿಭೂತಿ ಹಚ್ಚಿದಳು. ಅಕ್ಕನ ಉಗುರಿನ ಸಂದಿಯಲ್ಲಿ ಇನ್ನೂ ಜೋಳದ ಹಿಟ್ಟಿತ್ತು. ಇಷ್ಟು ದಿನ ದವಾಖಾನೆಯಲ್ಲಿದ್ದರೂ ಹೋಗಿರಲಿಲ್ಲ. ಕಡ್ಡಿಯಿಂದ ತೆಗೆಯಲು ಹೋದವಳು ಬಿಟ್ಟುಬಿಟ್ಟೆ. ಅವಳ ಕಿವಿಯ ಹತ್ತಿರ ಬಾಗಿ, "ಊರಿಗೆ ಹೊಂಟೀವಿ ಬೇ" ಎಂದು ಹೇಳಿದೆ.

ಮುಂಡರಗಿಯಲ್ಲಿರುವ ನಮ್ಮ ಸೋದರತ್ತೆ ಫೋನು ಮಾಡಿದ್ದು ಆಮೇಲೆ. ವಯಸ್ಸಾದ ಹೆಂಗಸು, ಸಕ್ಕರೆ ಕಾಯಿಲೆ ಬೇರೆ. ಹಿಂದೆ ಬಸ್ಸುಗಳ ಗದ್ದಲ ಕೇಳುತ್ತಿತ್ತು.

"ಯವ್ವಾ, ನಾವು ಶಿರಹಟ್ಟಿ ಬಸ್ ಸ್ಟ್ಯಾಂಡಿನ್ಯಾಗ ಅದೀವಿ. ಬೆಳ್ಳಟ್ಟಿ ಬಸ್ ಈಗರ ಹೋತಂತ. ನೀವು ಎಷ್ಟೊತ್ತಿಗೆ ಬರ್ತೀರಿ ಆಕಿನ್ನ ಕರಕೊಂಡು?"

"ಬೆಳ್ಳಟ್ಟಿಗೆ ಯಾಕ ಅತ್ತಿ?"

"ಯಾಕಂದ್ರ? ಮಣ್ಣ ಊರಾಗ ಅಂತ ಹೇಳಿದ್ನಲ್ಲ ನಿಮ್ಮಣ್ಣ. ಆಕಿ ಊರ ಬೆಳ್ಳಟ್ಟಿ ಅಲ್ಲೇನ?"

ನಾನು ಗೋಡೆಗೆ ಕುಳಿತಿದ್ದ ಅಕ್ಕನ ಕಡೆ ನೋಡಿದೆ. ಅಣ್ಣ ಸುಳ್ಳು ಹೇಳಿರಲಿಲ್ಲ. ನನಗೂ ಅದನ್ನೇ ಹೇಳಿದ್ದ, ಅತ್ತೆಗೂ ಅದನ್ನೇ ಹೇಳಿದ್ದ. ಕೊಟ್ಟ ಹೆಣ್ಣಿನ ಊರು ಎಂದರೆ ಗಂಡನ ಊರು. ಅವನ ಬಾಯಲ್ಲಿ ಆ ಮಾತಿಗೆ ಬೇರೆ ಅರ್ಥವೇ ಇರಲಿಲ್ಲ. ಲಕ್ಷ್ಮೇಶ್ವರದ ನೆಂಟರು, ಮುಂಡರಗಿಯವರು, ಹೊಂಬಳದ ಓಣಿಯವರು, ಎಲ್ಲರೂ ಒಂದೇ ಮಾತು ಕೇಳಿ ಬೆಳ್ಳಟ್ಟಿಯ ದಾರಿ ಹಿಡಿದಿದ್ದರು. ತಪ್ಪು ತಿಳಿದವಳು ನಾನೊಬ್ಬಳೇ.

ಅಣ್ಣ ಬಂದಾಗ ಕೈಯಲ್ಲಿ ಸೀರೆಯ ಚೀಲವಿತ್ತು. ಹೆಣ್ಣುಮಗಳು ಸತ್ತರೆ ತವರಿನ ಸೀರೆ ಉಡಿಸದೆ ಎತ್ತುವುದಿಲ್ಲ. ಅವನು ಅಕ್ಕನ ಕಾಲು ಹಿಡಿದು ಮತ್ತೊಮ್ಮೆ ಅತ್ತ. ಅಳಲು ಬಿಟ್ಟೆ. ಆಮೇಲೆ ಹೊರಗೆ ಕರೆದು ಕೇಳಿದೆ.

"ಆಕಿ ಬ್ಯಾಡ ಅಂದಿದ್ಲು. ನಿನಗ ಹೇಳಿದ್ದೆ ನಾ."

"ಹೇಳಿದ್ದಿ. ಬದುಕಿದ್ದಾಗ ಮನಶ್ಯಾ ಏನೇನರ ಹೇಳ್ತಾನ. ಗಂಡ ಇನ್ನೂ ಬದುಕ್ಯಾನ. ಗಂಡ ಇದ್ದಾಕಿನ್ನ ತವರ ಹೊಲದಾಗ ಹುಗದ್ರ ಮಂದಿ ಬಾಯಾಗ ಏನ ಆಗ್ಬೇಕ ನಾವು?"

"ಹೊಂಬಳ ಬ್ಯಾಡ ಅಂದ್ರ ಬಿಡು. ಇಲ್ಲೇ ಬೆಟಗೇರಿ ರುದ್ರಭೂಮ್ಯಾಗ ಮಾಡೂಣು. ಇಷ್ಟ ವರ್ಷ ಇಲ್ಲೇ ಇದ್ದಾಳ."

"ತಂಗಿ ಮನ್ಯಾಗ ಬಿದ್ಕೊಂಡಿದ್ಲು, ತಂಗಿ ಮನಿಯಿಂದ ಎತ್ತಿದ್ರು ಅನ್ನಿಸ್ಕೊಳ್ಳೇನು?" ಅವನು ದನಿ ಇಳಿಸಿದ. "ಮಗಳ ಸಂಬಂಧ ಲಕ್ಷ್ಮೇಶ್ವರದಾಗ ಗಟ್ಟಿ ಆಗೂ ಹೊತ್ತು ಇದು. ಆ ಮನಿ ಹೆಣಮಕ್ಕಳು ಗಂಡನ ಮನ್ಯಾಗ ಬಾಳೂದಿಲ್ಲ, ಸತ್ರೂ ಹೋಗೂದಿಲ್ಲ ಅಂತ ಒಬ್ಬರ ಬಾಯಾಗ ಬಂದ್ರ ಸಾಕು. ಆಕಿನೂ ನಿನ್ನ ಮಗಳ ಇದ್ದಂಗ."

ಅವನ ಕಣ್ಣಲ್ಲಿ ಹೆದರಿಕೆ ಇತ್ತು. ಕೆಟ್ಟವನಾಗಿದ್ದರೆ ಜಗಳವಾಡುವುದು ಸುಲಭವಾಗುತ್ತಿತ್ತು.

ಮಗ್ಗದ ಮನೆಯ ಅಜ್ಜಿ ಬಾಗಿಲಲ್ಲಿ ನಿಂತು ಎಲ್ಲ ಕೇಳಿಸಿಕೊಳ್ಳುತ್ತಿದ್ದಳು. "ತಮ್ಮಾ, ಇದ್ದಾಗ ಪಂಚಮಿಗೆ ಒಂದ ಕುಬಸ ತಂದ ಕೊಟ್ಟಿದ್ದ ನಾ ನೋಡ್ಲಿಲ್ಲ. ಈಗ ಸೀರಿ ಬಗಲಾಗ ಹಿಡಕೊಂಡ ನಿಂತೀಯಲ್ಲ, ಉಡಿಸಾಕೋ, ಹೆದರಸಾಕೋ?"

ಅಣ್ಣನ ಮುಖ ಕಪ್ಪಿಟ್ಟಿತು. "ಬೆಳ್ಳಟ್ಟಿಗಾದ್ರ ಸೀರಿ. ಇಲ್ಲಾಂದ್ರ ನಾ ಹೊಳ್ಳಿ ಹೊಂಟೆ" ಎಂದು ಚೀಲವನ್ನು ಇನ್ನಷ್ಟು ಒತ್ತಿ ಹಿಡಿದುಕೊಂಡ.

ನನ್ನ ಪೆಟ್ಟಿಗೆಯಲ್ಲಿ ಉಡದ ಸೀರೆಗಳಿದ್ದವು. ಆದರೆ ನಾನೂ ಕೊಟ್ಟ ಹೆಣ್ಣು. ನಾನು ಉಡಿಸಿದರೆ ಅದು ತವರಿನ ಸೀರೆ ಆಗುವುದಿಲ್ಲ. ಹಾಳಾಗಲಿ, ಉಡಿಸಿಬಿಡೋಣ ಎಂದು ಒಳಗೆ ಹೋಗಿ ಪೆಟ್ಟಿಗೆಯ ಮುಚ್ಚಳ ತೆಗೆದಿದ್ದೆ. ಅಷ್ಟರಲ್ಲಿ ಬೆಳ್ಳಟ್ಟಿಯಿಂದ ಅಣ್ಣನಿಗೆ ಫೋನು ಬಂತು. ಅಕ್ಕನ ಮೈದುನ. ಅಣ್ಣ ಸ್ಪೀಕರಿಗೆ ಹಾಕಿ ನನ್ನ ಮುಂದೆ ಹಿಡಿದ.

"ಕುಣಿ ತಯಾರ ಐತ್ರಿ. ಜೇಸಿಬಿ ತರಿಸಿ ತೋಡಿಸೇವಿ. ಹಿರೇರನ್ನ ಇಟ್ಟ ಜಾಗ, ಬಾವಿ ಹತ್ರ, ಬನ್ನಿ ಗಿಡದ ಬುಡಕ. ಜಲ್ದಿ ಬರ್ರಿ."

"ನಾವು ತೋಡ್ರಿ ಅಂದಿರಲಿಲ್ಲಲ್ರೀ" ಎಂದೆ.

"ನಿಮ್ಮ ಮಂದೀನ ಬಂದು ಕುಂತಾರಲ್ರೀ ಯವ್ವಾ ಇಲ್ಲೆ. ಈಗ ಆಗೂದಿಲ್ಲ ಅನಬ್ಯಾಡ್ರಿ. ತೋಡಿದ ಕುಣಿ ಖಾಲಿ ಬಿಡಬಾರದು. ಬಿಟ್ರ ಮನ್ಯಾಗ ಇನ್ನೊಬ್ಬರನ್ನ ಕೇಳತೈತಿ. ಸಣ್ಣ ಮಕ್ಕಳ ಮನಿ ಐತ್ರಿ ನಮ್ಮದು."

ಹೂಳುವ ಗುಂಡಿಗೆ ನಮ್ಮಲ್ಲಿ ಕುಣಿ ಎನ್ನುತ್ತಾರೆ. ಅದನ್ನು ಖಾಲಿ ಬಿಡಬಾರದೆಂಬುದನ್ನು ನಾನೂ ಚಿಕ್ಕಂದಿನಿಂದ ಕೇಳಿದ್ದೆ. ನಂಬುತ್ತೇನೋ ಇಲ್ಲವೋ ಹೇಳಲಾರೆ. ಆದರೆ ಬನ್ನಿ ಗಿಡದ ಹೆಸರು ಕೇಳಿದ ಮೇಲೆ ನನಗೆ ಹಟವೇ ಹೆಚ್ಚಾಯಿತು. "ಆಕಿ ಬದ್ಲಿ ಬಾಳಿ ದಿಂಡ ಹಾಕಿ ಮುಚ್ರಿ ಕುಣೀನ" ಎಂದುಬಿಟ್ಟೆ. ಅಣ್ಣ ಫೋನು ಕಟ್ ಮಾಡಿದ.

ಹೊತ್ತು ನೆತ್ತಿಗೆ ಬಂತು, ಇಳಿಯಿತು. ಅಣ್ಣ ಕಟ್ಟೆಯ ಮೇಲೆ, ನಾನು ಅಕ್ಕನ ಹತ್ತಿರ. ನಮ್ಮ ಮನೆಯವರು ನಡುವೆ ಓಡಾಡಿ ಸಾಕಾಗಿ, "ನೀವು ಅಣ್ಣ ತಂಗಿ ಏನರ ಮಾಡ್ಕೊಳ್ರಿ, ಆಕಿನ್ನ ಹಿಂಗ ಕುಂಡ್ರಿಸಬ್ಯಾಡ್ರಿ" ಎಂದು ಬೇವಿನ ಗಿಡದ ಕೆಳಗೆ ಹೋಗಿ ನಿಂತರು. ಊದಿನಕಡ್ಡಿ ತೀರಿ ಮತ್ತೆ ತರಿಸಿದೆವು. ಅಕ್ಕನ ತಲೆ ಒಂದು ಕಡೆ ವಾಲತೊಡಗಿತು. ಮಗ್ಗದ ಅಜ್ಜಿ ಅರಿವೆ ಮಡಚಿ ಕುತ್ತಿಗೆಗೆ ಆಸರೆ ಕೊಟ್ಟಳು.

ಆಮೇಲೆ ಬಂದ ಫೋನು ಬೆಳ್ಳಟ್ಟಿಗೆ ಹೋಗಿದ್ದ ಮುಂಡರಗಿ ಅತ್ತೆಯ ಮಗನದು. "ಅಕ್ಕಾ, ಅವ್ವ ಬೆಳಿಗ್ಗಿಂದ ಬಾಯಾಗ ನೀರ ಹಾಕಿಲ್ಲ. ಮಣ್ಣ ಆಗೂತನ ಬ್ಯಾಡ ಅಂತಾಳ. ಕೈ ನಡಗಾಕತ್ತಾವು, ಬೆವರಾಕತ್ತಾಳ. ಮಾತು ತೊದಲತೈತಿ. ಇಲ್ಲೆ ಇನ್ನೂ ಹತ್ತ ಮಂದಿ ವಯಸ್ಸಾದವರು ಹಂಗ ಕುಂತಾರ. ಏನ ಮಾಡ್ತೀರಿ, ಲಗೂ ಹೇಳ್ರಿ."

ಮಣ್ಣು ಮುಗಿಯುವವರೆಗೆ ಒಲೆ ಹೊತ್ತಿಸುವುದಿಲ್ಲ, ಯಾರೂ ಉಣ್ಣುವುದಿಲ್ಲ. ಅತ್ತೆ ಎಂಥ ಹೆಂಗಸೆಂದು ನನಗೆ ಗೊತ್ತು. ಬಿದ್ದರೂ ಬಾಯಿ ತೆರೆಯುವವಳಲ್ಲ. ಅಕ್ಕ ಹೋಗಿದ್ದಳು. ಅತ್ತೆ ಇನ್ನೂ ಇದ್ದಳು.

"ಆತು" ಎಂದೆ.

ಅಷ್ಟೇ ಮಾತು. ಅಣ್ಣ ಚೀಲ ಬಿಚ್ಚಿದ. ಹಸಿರು ಇಳಕಲ್ ಸೀರೆ, ಚಲೋ ಸೀರೆ. ಬದುಕಿದ್ದಾಗ ಅಂಥದ್ದು ಅವಳ ಮೈಮೇಲೆ ಬಂದಿರಲಿಲ್ಲ. ಸ್ನಾನ ಮಾಡಿಸಿ ಉಡಿಸುವಾಗ ನೆರಿಗೆಗಳು ನಿಲ್ಲಲಿಲ್ಲ. ಹೇಗೋ ಸಿಕ್ಕಿಸಿದೆವು.

ಗಾಡಿಯಲ್ಲಿ ನಾನು ಅವಳ ಪಕ್ಕದಲ್ಲೇ ಕುಳಿತೆ. ರಸ್ತೆಯ ಎರಡೂ ಕಡೆ ಶೇಂಗಾ, ಹೆಸರು ಹಚ್ಚಗೆ ನಿಂತಿದ್ದವು. ಶಿರಹಟ್ಟಿ ದಾಟುವಾಗ, ಆ ದಿನ ಅವಳು ಸಂಜೆಯಲ್ಲಿ ಒಬ್ಬಳೇ ನಡೆದು ಬಂದ ದಾರಿ ಇದೇ ಅಲ್ಲವೇ ಅನಿಸಿತು. ಅವಳು ನಡೆದು ದಾಟಿದ್ದನ್ನು ನಾವು ಗಾಡಿಯಲ್ಲಿ ಹಿಂದಕ್ಕೆ ಒಯ್ಯುತ್ತಿದ್ದೆವು.

ಬೆಳ್ಳಟ್ಟಿಯಲ್ಲಿ ಅವಳನ್ನು ಆ ಮನೆಯ ಕಟ್ಟೆಯ ಮೇಲೆ ಇಳಿಸಿದರು. ನೀರು ತುಂಬಿದ ತಂಬಿಗೆ ಹಿಡಿದು ಎರಡನೇ ಹೆಂಡತಿ ಓಡಿ ಬಂದಳು. ಅವಳಿಗೆ ನನಗಿಂತ ಹೆಚ್ಚು ಕೂದಲು ನೆರೆತಿದ್ದವು. ಅಕ್ಕನ ಕಾಲು ತೊಳೆದಳು, ಅರಿಷಿಣ ಹಚ್ಚಿದಳು, ಹಸಿರು ಬಳೆ ಏರಿಸಿದಳು, ಉಡಿ ತುಂಬಿದಳು. ಅಕ್ಕನ ಪಾದಗಳಿಗೆ ಹಣೆ ಹಚ್ಚಿ, "ನನ್ನ ಮಕ್ಕಳ ಮ್ಯಾಲೆ ಸಿಟ್ಟ ಮಾಡಬ್ಯಾಡ ನಮ್ಮವ್ವಾ" ಎಂದು ಅತ್ತಳು. ಆ ಅಳು ಖರೆ. ಅವಳ ಹಿರಿಯ ಮಗನಿಗೆ ಗೊತ್ತುಮಾಡಿದ ಮದುವೆ ಎರಡು ಸಲ ಮುರಿದಿತ್ತಂತೆ, ಮನೆಯ ಹಿರೇ ಹೆಣ್ಣುಮಗಳು ಹೊರಗೆ ಕಣ್ಣೀರು ಹಾಕುತ್ತಾಳೆ ಎಂದು ಯಾರೋ ನುಡಿದಿದ್ದರಂತೆ. ಬದುಕಿದ್ದ ಅಕ್ಕ ಅವರಿಗೆ ಬೇಕಾಗಿರಲಿಲ್ಲ. ಸತ್ತ ಅಕ್ಕನಿಗೆ ಹೆದರುತ್ತಿದ್ದರು.

ಗಂಡನನ್ನು ಇಬ್ಬರು ಹಿಡಿದು ಕರೆತಂದರು. ಕುಂಕುಮ ಹಚ್ಚು ಎಂದರು. ಅವನು ಕುಂಕುಮದ ಬಟ್ಟಲು ಹಿಡಿದು ಅಕ್ಕನ ಮುಖವನ್ನು ನೋಡುತ್ತ ನಿಂತ. ಗುರುತು ಹಿಡಿಯುತ್ತಿದ್ದಾನೆಂದು ನನಗನಿಸಿತು. ಸಿಗಲಿಲ್ಲವೇನೋ. ಯಾರೋ ಅವನ ಬೆರಳು ಹಿಡಿದು ಹಚ್ಚಿಸಿದರು.

ಹೊಲಕ್ಕೆ ಹೋದಾಗ ಬಿಸಿಲು ಕೆಂಪಾಗಿತ್ತು. ಬಾವಿಯ ಕಟ್ಟೆ ಕುಸಿದಿತ್ತು. ಬನ್ನಿ ಗಿಡ ಮಾತ್ರ ದಪ್ಪವಾಗಿ ಬೆಳೆದು ನಿಂತಿತ್ತು. ಜೇಸಿಬಿ ತೋಡಿದ ಕುಣಿ ಬೇಕಾದದ್ದಕ್ಕಿಂತ ಅಗಲವಾಗಿತ್ತು. ಅಯ್ಯನವರು ಮಂತ್ರ ಹೇಳಿದರು, ಅವಳನ್ನು ಕೂರಿಸಿದರು. ಗಿಡದ ಬುಡದಲ್ಲಿ, ಊರಿನ ಕಡೆ ಬೆನ್ನು ಮಾಡಿ. ಒಬ್ಬೊಬ್ಬರಾಗಿ ಹಿಡಿ ಮಣ್ಣು ಹಾಕಿದರು. ಅಣ್ಣ ಹಾಕಿದ. "ನೀನೂ ಹಾಕವಾ" ಎಂದು ಯಾರೋ ನನ್ನ ಕೈಗೆ ಒಂದು ಹಿಡಿ ಕೊಟ್ಟರು. ಒದ್ದೆ ಎರೆಮಣ್ಣು. ನಾನು ಅದನ್ನು ಬೇರೆ ಕಡೆ ಬಿಟ್ಟು ಕೈ ಕೊಡವಿದೆ. ನಂತರ ಅತ್ತೆಯ ಹತ್ತಿರ ಹೋಗಿ, ಅವಳ ಬಾಯಿಗೆ ಚಹಾ ಹಿಡಿದೆ. ಕಣ್ಣು ಮುಚ್ಚಿಕೊಂಡೇ ಕುಡಿದಳು.

ಗಾಡಿ ಹತ್ತುವ ಮೊದಲು ಅಕ್ಕನ ಮೈದುನ ಹೇಳಿದ, "ದಿನ ಇಲ್ಲೇ ಮಾಡ್ತೀವ್ರಿ. ಎಲ್ಲಾರೂ ಬರಬೇಕು." ದಿನ ಎಂದರೆ ಆಮೇಲಿನ ಪೂಜೆ, ಊಟ. ಅಣ್ಣ ಹೂಂ ಅಂದ.

"ನಾ ನಮ್ಮ ಮನ್ಯಾಗ ಮಾಡ್ತೀನಿ" ಎಂದೆ. "ಬೆಟಗೇರಿಯೊಳಗ, ನಮ್ಮ ಮನಿ ಹಿಂದಿನ ಪಡಸಾಲ್ಯಾಗ, ಒಲಿ ಹತ್ರ." ಯಾರಿಗೂ ತಪ್ಪು ತಿಳಿಯದ ಹಾಗೆ ಒಂದೊಂದೇ ಮಾತು ಬಿಡಿಸಿ ಹೇಳಿದೆ. ಅಣ್ಣ ಮುಖ ತಿರುಗಿಸಿದ.

ಎರಡೂ ಕಡೆ ಒಂದೇ ದಿನ ಆಯಿತು. ಬಂಧುಗಳು ಬೆಳ್ಳಟ್ಟಿಗೆ ಹೋದರು. ಅಲ್ಲಿ ಪೆಂಡಾಲು ಹಾಕಿ, ಬುಂದೆ ಮಾಡಿಸಿ, ಅಕ್ಕನ ಮದುವೆಯ ಫೋಟೋವನ್ನು ದೊಡ್ಡದು ಮಾಡಿಸಿ ಇಟ್ಟಿದ್ದರಂತೆ. ನಮ್ಮ ಪಡಸಾಲೆಯಲ್ಲಿ ಮಗ್ಗದ ಮನೆಯವರು, ಖಾನಾವಳಿಯ ಅಡುಗೆಯವರು, ಹಿಟ್ಟಿನ ಗಿರಣಿಯವನು, ಇಷ್ಟೇ ಜನ. ಊಟಕ್ಕೆ ಕುಳಿತಾಗ ಮಗ್ಗದ ಮನೆಯ ಅಜ್ಜಿ, "ಆಕಿ ಕೈಯಾಗಿನ ರೊಟ್ಟಿ ಇಷ್ಟ ದಪ್ಪ ಇರ್ತಿರಲಿಲ್ಲ" ಎಂದು ನನ್ನ ರೊಟ್ಟಿಗೆ ಹೆಸರಿಟ್ಟಳು. ಖರೆ ಮಾತು.

ಮಹಾನವಮಿಯ ಅಮಾವಾಸ್ಯೆಗೆ ಹಿರಿಯರ ಪೂಜೆ ಮಾಡುತ್ತಾರೆ. ಮುತ್ತೈದೆಯಾಗಿ ಹೋದವರಿಗೆ ಸೀರೆ ಇಟ್ಟು, ಅವರಿಗೆ ಸೇರುತ್ತಿದ್ದದ್ದನ್ನು ಮಾಡಿ ಎಡೆ ಹಿಡಿಯುತ್ತಾರೆ. ಅದರ ಹಿಂದಿನ ದಿನ ಬೆಳಿಗ್ಗೆ ನಾನು ಒಲೆ ಹೊತ್ತಿಸುತ್ತಿರುವಾಗ ಆ ಎರಡನೇ ಹೆಂಡತಿ ಫೋನು ಮಾಡಿದಳು.

"ಯಕ್ಕಾ, ನಾಳೆ ಅಕ್ಕಾರಿಗೆ ಸೀರಿ ಇಡ್ತೀವ್ರಿ. ಎಡಿಗೆ ಏನ ಮಾಡ್ಲಿ? ಅವರಿಗೆ ಏನ ಸೇರತಿತ್ತು? ನಮ್ಮ ಮನ್ಯಾಗ ಯಾರಿಗೂ ಗೊತ್ತಿಲ್ರಿ. ಇವರನ್ನ ಕೇಳಿದ್ರ ನೆನಪಿಲ್ಲ ಅಂತಾರ."

ಅವಳ ದನಿಯಲ್ಲಿ ಕೆಟ್ಟದ್ದೇನೂ ಇರಲಿಲ್ಲ. ಹಂಚು ಕಾಯುತ್ತಿತ್ತು.

"ನನಗೂ ಗೊತ್ತಿಲ್ರಿ" ಎಂದೆ.

ಫೋನು ಬದಿಗಿಟ್ಟು ಮೊದಲ ರೊಟ್ಟಿ ಹಾಕಿದೆ. ಒಂದು ಕಡೆ ಹಸಿ ಉಳಿಯಿತು, ಇನ್ನೊಂದು ಕಡೆ ಕಪ್ಪಾಯಿತು. ಅಗಸಿ ಹಿಂಡಿಯ ಡಬ್ಬಿಗಾಗಿ ಎದ್ದೆ.